ಡ್ಯಾಮೇಜ್ ಮಾಡದ ಮೂವ್‌ಗಳಿಂದ ಪೋಕೆಮಾನ್ ಆಟ ಗೆಲ್ಲುವುದು ಹೇಗೆ?

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಪೋಕೆಮಾನ್ ಆಡುವ ಮಕ್ಕಳಿಗೇನೂ ಕಡಿಮೆಯಿಲ್ಲ. ಅವರ ಟೀಮ್ ನೋಡಿದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಥರ. ಆರು ಪೋಕೆಮಾನ್, ಒಂದೊಂದಕ್ಕೆ ನಾಲ್ಕು ಮೂವ್, ಇಪ್ಪತ್ತನಾಲ್ಕೂ ಹೊಡೆಯುವ ಮೂವ್‌ಗಳೇ. ಗ್ರೌಲ್, ಥಂಡರ್ ವೇವ್, ಸ್ಲೀಪ್ ಪೌಡರ್ ಥರದ ಹೊಡೆಯದ ಮೂವ್‌ಗಳನ್ನೆಲ್ಲ ಫಾಲ್ತು ಅಂತ ತೆಗೆದುಹಾಕಿರುತ್ತಾರೆ. ನನ್ನ ಅಕ್ಕನ ಮಗನ ಪ್ರಶ್ನೆಯೂ ಅದೇ: "ಮಾಮಾ, ಇದರಿಂದ ಎದುರಿನವನ ಎಚ್‌ಪಿ ಒಂಚೂರೂ ಇಳಿಯಲ್ಲ. ಮತ್ತೆ ಯಾಕೆ ಇಟ್ಕೋಬೇಕು?" ಎಚ್‌ಪಿ ಅಂದರೆ ಪೋಕೆಮಾನ್‌ನ ಜೀವಶಕ್ತಿ, ಅದು ಸೊನ್ನೆಯಾದರೆ ಪೋಕೆಮಾನ್ ಬಿದ್ದಂತೆ.

ಮಕ್ಕಳ ತಪ್ಪೂ ಅಲ್ಲ. ಇವರಲ್ಲಿ ಸುಮಾರು ಜನ ಮೊದಲು ಆಡಿದ್ದು ಫೋನ್‌ನಲ್ಲಿ ಪೋಕೆಮಾನ್ ಗೋ. ಅದರಲ್ಲಿ ನಿದ್ದೆ ಬರಿಸುವುದು, ಲಕ್ವ ಹೊಡೆಸುವುದು, ವಿಷ ಹಾಕುವುದು ಇಲ್ಲ. ಬೆರಳಿಂದ ಕುಟ್ಟುತ್ತಾ ಹೋದರೆ ಮುಗಿಯಿತು. ಮೂಲ ಆಟ ಹಾಗಲ್ಲ. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಗೇಮ್‌ಬಾಯ್‌ಗೆ ಬಂದ ರೆಡ್ ಮತ್ತು ಗ್ರೀನ್‌ನಿಂದ ಹಿಡಿದು 2022ರ ಸ್ಕಾರ್ಲೆಟ್ ಮತ್ತು ವಯೊಲೆಟ್ ತನಕ, ಸುಮ್ನೆ ಹೊಡೆಯುತ್ತಾ ಹೋಗುವವನಿಗಿಂತ ಒಂದು ಟರ್ನ್, ಅಂದರೆ ಒಂದು ಸರದಿ, ಬಿಟ್ಟುಕೊಟ್ಟು ಏನಾದರೂ ಗಳಿಸಿಕೊಳ್ಳುವವನೇ ಗಟ್ಟಿ. ಆ ಲೆಕ್ಕ ಹಾಕುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಮೊದಲು ಗುರುತಿಸಿ

ಪೋಕೆಮಾನ್‌ನ ವಿವರದ ಪುಟ ತೆರೆದು ಒಂದು ಮೂವ್ ಮೇಲೆ ನಿಲ್ಲಿ. ಪವರ್ ಎಂಬ ಕಡೆ ಸಂಖ್ಯೆ ಇಲ್ಲದೆ ಬರೀ ಗೀಟು ಇದ್ದರೆ ಅದು ಸ್ಟೇಟಸ್ ಮೂವ್, ಅಂದರೆ ಡ್ಯಾಮೇಜ್ ಮಾಡದ ಮೂವ್, ಇರಬಹುದು. ಇರಬಹುದು ಎಂದದ್ದಕ್ಕೆ ಕಾರಣ ಇದೆ. ಸೈಸ್ಮಿಕ್ ಟಾಸ್, ಕೌಂಟರ್ ಥರದ ಮೂವ್‌ಗಳಿಗೂ ಗೀಟೇ ಇರುತ್ತದೆ, ಆದರೆ ಅವು ಚೆನ್ನಾಗಿಯೇ ಹೊಡೆಯುತ್ತವೆ. ಆದ್ದರಿಂದ ಪಕ್ಕದಲ್ಲಿರುವ ಕೆಟಗರಿ ಚಿಹ್ನೆ ನೋಡಿ. 2006ರ ಡೈಮಂಡ್ ಮತ್ತು ಪರ್ಲ್‌ನಿಂದ ಈಚೆಗೆ ಪ್ರತಿ ಮೂವ್‌ಗೂ ಫಿಸಿಕಲ್ (ಮೈಬಲದ ಏಟು), ಸ್ಪೆಷಲ್ (ಬೇರೆ ಶಕ್ತಿಯ ಏಟು), ಸ್ಟೇಟಸ್ ಎಂಬ ಮೂರರಲ್ಲಿ ಒಂದು ಗುರುತು ಇದೆ. ಅದಕ್ಕೂ ಹಳೆಯ ಆಟ ಆಡುತ್ತಿದ್ದರೆ ಮೂವ್ ಕೆಳಗಿನ ವಿವರಣೆ ಓದುವುದೇ ದಾರಿ.

ಇವುಗಳಲ್ಲಿ ನಾಲ್ಕೈದು ಜಾತಿ. ನಿಮ್ಮ ಬಲ ಏರಿಸುವವು, ಎದುರಿನವನ ಬಲ ಇಳಿಸುವವು, ಅವನಿಗೆ ರೋಗ ಅಂಟಿಸುವವು, ನಿಮ್ಮ ಎಚ್‌ಪಿ ತುಂಬಿಸುವವು, ಮತ್ತೆ ಮೈದಾನವನ್ನೇ ಬದಲಿಸುವವು. ಮ್ಯಾಜಿಕಾರ್ಪ್‌ನ ಸ್ಪ್ಲಾಶ್ ಯಾವ ಜಾತಿಗೂ ಸೇರುವುದಿಲ್ಲ, ಅದು ನಿಜವಾಗಿಯೂ ಫಾಲ್ತು.

ಹೆಜ್ಜೆ 2: ಟರ್ನ್ ಲೆಕ್ಕ ಹಾಕಿ

ಎಲ್ಲದಕ್ಕೂ ಬುಡ ಇದು. ಇಷ್ಟು ತಿಳಿದರೆ ಉಳಿದದ್ದನ್ನು ನೀವೇ ಆಡಿ ಕಂಡುಕೊಳ್ಳಬಹುದು.

ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ ಕಡೆಯ ಫಾಸ್ಟ್ ಲೋಕಲ್‌ಗೆ ಕಾಲಿಡಲೂ ಜಾಗ ಇರುವುದಿಲ್ಲ. ಅದಕ್ಕೆ ಕೆಲವರು ಮೊದಲು ಉಲ್ಟಾ ಕಲ್ಯಾಣ್ ಕಡೆ ಹೋಗುವ ಗಾಡಿ ಹತ್ತುತ್ತಾರೆ. ಅಲ್ಲಿ ಗಾಡಿ ತಿರುಗಿದಾಗ ಸೀಟು ಇವರದ್ದೇ. ಹೊತ್ತು ಹೋಗುತ್ತದೆ, ಆದರೆ ಸಿಎಸ್‌ಎಂಟಿ ತನಕ ಹೋಗುವವರಿಗೆ ಅದು ಲಾಭವೇ. ನಡುವಿನ ಠಾಣೆ ಸ್ಟೇಷನ್‌ನಲ್ಲೇ ಇಳಿಯುವವರು ಹಾಗೆ ಮಾಡಿದರೆ ತಲೆ ಕೆಟ್ಟಿದೆಯಾ ಅಂತ ಕೇಳುತ್ತೇವೆ, ಅಲ್ವಾ? ಸ್ಟೇಟಸ್ ಮೂವ್ ಕೂಡ ಹೀಗೇ. ಮುಂದೆ ದಾರಿ ಎಷ್ಟು ಉದ್ದ ಇದೆ ಎಂಬುದರ ಮೇಲೆ ಲಾಭ ನಷ್ಟ.

ಸ್ವೋರ್ಡ್ಸ್ ಡ್ಯಾನ್ಸ್ ತೆಗೆದುಕೊಳ್ಳಿ. ಅದು ಅಟ್ಯಾಕ್ ಅನ್ನು ಎರಡು ಮೆಟ್ಟಿಲು ಏರಿಸುತ್ತದೆ, ಅಂದರೆ ಎರಡು ಪಟ್ಟು. ಎದುರಿನ ಪೋಕೆಮಾನ್ ನಿಮ್ಮ ಒಂದೇ ಏಟಿಗೆ ಬೀಳುವುದಾದರೆ ಕುಣಿಯುವುದು ದಂಡ. ಎರಡು ಏಟು ಬೇಕಾದರೆ ಕುಣಿಯಲು ಒಂದು ಟರ್ನ್, ಹೊಡೆಯಲು ಒಂದು, ಲೆಕ್ಕ ಸಮ. ನಾಲ್ಕು ಏಟು ಬೇಕಾದರೆ ಒಂದು ಕುಣಿತ, ಎರಡು ಏಟು, ಮೂರೇ ಟರ್ನ್‌ನಲ್ಲಿ ಕೆಲಸ ಮುಗಿಯುತ್ತದೆ. ಮುಖ್ಯ ವಿಷಯ ಇನ್ನೂ ಇದೆ. ನೀವು ಪೋಕೆಮಾನ್ ಬದಲಿಸದೆ ನಿಂತರೆ ಆ ಎರಡು ಪಟ್ಟು ಹಾಗೇ ಉಳಿಯುತ್ತದೆ. ಜಿಮ್ ಲೀಡರ್ (ಕಥೆಯಲ್ಲಿ ಸೋಲಿಸಬೇಕಾದ ದೊಡ್ಡ ಎದುರಾಳಿ) ಬಳಿ ಮೂರು ಪೋಕೆಮಾನ್, ಒಂದೊಂದಕ್ಕೆ ಎರಡೆರಡು ಏಟು ಬೇಕು ಎಂದುಕೊಳ್ಳಿ. ಸುಮ್ನೆ ಹೊಡೆದರೆ ಆರು ಟರ್ನ್. ಒಮ್ಮೆ ಕುಣಿದು ಹೊಡೆದರೆ ನಾಲ್ಕು. ಆ ಎರಡು ಟರ್ನ್‌ನಲ್ಲಿ ನೀವು ತಿನ್ನಬೇಕಿದ್ದ ಏಟೂ ಉಳಿಯಿತು.

ಮೆಟ್ಟಿಲುಗಳ ಲೆಕ್ಕ ಸುಲಭ. ಮೇಲೆ ಆರು, ಕೆಳಗೆ ಆರು. ಒಂದು ಏರಿದರೆ ಒಂದೂವರೆ ಪಟ್ಟು, ಎರಡಕ್ಕೆ ಎರಡು ಪಟ್ಟು, ಆರಕ್ಕೆ ನಾಲ್ಕು ಪಟ್ಟು. ಒಂದು ಇಳಿದರೆ ಮೂರರಲ್ಲಿ ಎರಡು ಪಾಲು, ಎರಡು ಇಳಿದರೆ ಅರ್ಧ, ಆರು ಇಳಿದರೆ ಕಾಲು ಪಾಲು. ಗುರಿ ತಪ್ಪಿಸುವ ಮತ್ತು ಗುರಿ ಹಿಡಿಯುವ ಲೆಕ್ಕ ಮಾತ್ರ ಬೇರೆ. ಅದರಲ್ಲಿ ಒಂದು ಮೆಟ್ಟಿಲು ಇಳಿದರೆ ಉಳಿಯುವುದು ಮುಕ್ಕಾಲು.

ಎದುರಿನವನ ಬಲ ಇಳಿಸುವ ಮೂವ್‌ಗಳಿಗೆ ಒಂದು ಕೊರತೆ ಇದೆ. ಅವನು ಬಿದ್ದರೂ ಬದಲಾದರೂ ನಿಮ್ಮ ಶ್ರಮ ಅವನ ಜೊತೆಗೇ ಹೋಯಿತು. ಹಾಗಾಗಿ ಟೇಲ್ ವಿಪ್ ಬಳಸುವ ಮುಂಚೆ ಲೆಕ್ಕ ಹಾಕಿ. ಡಿಫೆನ್ಸ್ ಒಂದು ಮೆಟ್ಟಿಲು ಇಳಿದರೆ ನಿಮ್ಮ ಏಟು ಒಂದೂವರೆ ಪಟ್ಟು. ನಾಲ್ಕು ಏಟಿನ ಕೆಲಸ ಮೂರಕ್ಕೆ ಬರುತ್ತದೆ, ಆದರೆ ಬಾಲ ಅಲ್ಲಾಡಿಸಲು ಒಂದು ಟರ್ನ್ ಹೋಗಿರುತ್ತದೆ. ಉಳಿದದ್ದು ಸೊನ್ನೆ. ಆರು ಏಟಿನ ಗಟ್ಟಿ ಎದುರಾಳಿಗಾದರೆ ಒಂದು ಟರ್ನ್ ಉಳಿಯುತ್ತದೆ. ಗ್ರೌಲ್ ಇದಕ್ಕಿಂತ ವಾಸಿ. ಐದು ಏಟಿಗೆ ನಿಮ್ಮನ್ನು ಬೀಳಿಸುವವನಿಗೆ ಒಮ್ಮೆ ಗುರುಗುಟ್ಟಿದರೆ ಏಳೆಂಟು ಏಟು ಬೇಕಾಗುತ್ತದೆ. ಆಟದ ಮೊದಲ ಅರ್ಧ ಗಂಟೆಯಲ್ಲಿ ಇದು ನಿಜಕ್ಕೂ ಉಪಯೋಗ. ಅದಾದ ಮೇಲೆ ಗ್ರೌಲ್ ಬಿಟ್ಟುಬಿಡಿ. ಅದನ್ನು ಕೊನೆತನಕ ಇಟ್ಟುಕೊಳ್ಳಿ ಎಂದು ನಾನೂ ಹೇಳುವುದಿಲ್ಲ.

ಹೆಜ್ಜೆ 3: ಒಂದು ಜಿಮ್‌ನಲ್ಲಿ ಪರೀಕ್ಷೆ ಮಾಡಿ

ಗೋಲ್ಡ್ ಮತ್ತು ಸಿಲ್ವರ್ ಆಡಿದವರಿಗೆ ವಿಟ್ನಿ ಹೆಸರು ಹೇಳಿದರೆ ಸಾಕು, ಮುಖ ಹುಳ್ಳಗಾಗುತ್ತದೆ. ಗೋಲ್ಡನ್‌ರಾಡ್ ಜಿಮ್‌ನ ಈ ಹುಡುಗಿಯ ಬಳಿ 20ನೇ ಲೆವೆಲ್‌ನ ಮಿಲ್ಟ್ಯಾಂಕ್ ಇದೆ. ಅದಕ್ಕೆ ನಾಲ್ಕು ಮೂವ್: ರೋಲ್‌ಔಟ್, ಸ್ಟಾಂಪ್, ಅಟ್ರ್ಯಾಕ್ಟ್, ಮಿಲ್ಕ್ ಡ್ರಿಂಕ್. ಎರಡು ಹೊಡೆಯುವವು, ಎರಡು ಹೊಡೆಯದವು. ಎಷ್ಟೋ ಮಕ್ಕಳು ಸೋತದ್ದು ಈ ಹೊಡೆಯದ ಎರಡರಿಂದ. ಮಿಲ್ಕ್ ಡ್ರಿಂಕ್ ಅರ್ಧ ಎಚ್‌ಪಿ ತುಂಬಿಸುತ್ತದೆ. ಅಟ್ರ್ಯಾಕ್ಟ್ ಗಂಡು ಪೋಕೆಮಾನ್‌ಗೆ ತಾಗಿದರೆ ಅರ್ಧಕ್ಕರ್ಧ ಸಲ ಅದು ಮೋಹದಲ್ಲಿ ಸುಮ್ಮನೆ ನಿಲ್ಲುತ್ತದೆ. ಮಿಲ್ಟ್ಯಾಂಕ್ ಜಾತಿಯೇ ಪೂರ್ತಿ ಹೆಣ್ಣು. ನೀವು ಶುರುವಿನಲ್ಲಿ ಆರಿಸಿಕೊಂಡ ಪೋಕೆಮಾನ್ ಎಂಟರಲ್ಲಿ ಏಳು ಸಲ ಗಂಡೇ ಆಗಿರುತ್ತದೆ. ಅದನ್ನೇ ನಂಬಿ ಬಂದವನು ಸಿಕ್ಕಿಬೀಳುವುದು ಇಲ್ಲಿ.

ಅತ್ತ ರೋಲ್‌ಔಟ್ ಪವರ್ 30ರಿಂದ ಶುರುವಾಗಿ ಪ್ರತಿ ಟರ್ನ್ ಎರಡು ಪಟ್ಟಾಗುತ್ತದೆ: 30, 60, 120, 240, 480. ಒಮ್ಮೆ ಗುರಿ ತಪ್ಪಿದರೆ ಮತ್ತೆ 30ಕ್ಕೆ ಬರುತ್ತದೆ. ಬೀಗದ ಕೈ ಇರುವುದು ಅಲ್ಲೇ. ರೋಲ್‌ಔಟ್‌ನ ಗುರಿ ನೂರಕ್ಕೆ 90. ಐದೂ ಏಟು ಸತತವಾಗಿ ತಾಗುವ ಸಾಧ್ಯತೆ ನೂರಕ್ಕೆ ಸುಮಾರು 59. ಈಗ ಒಂದು ಸ್ಯಾಂಡ್ ಅಟ್ಯಾಕ್ ಹಾಕಿ, ಕಣ್ಣಿಗೆ ಮಣ್ಣು. ಗುರಿ 67.5ಕ್ಕೆ ಇಳಿಯಿತು, ಐದೂ ತಾಗುವ ಸಾಧ್ಯತೆ ನೂರಕ್ಕೆ 14. ಎರಡನೇ ಸಲ ಹಾಕಿದರೆ ನೂರಕ್ಕೆ ಐದೂ ಇಲ್ಲ. ಒಂದೇ ಒಂದು ಎಚ್‌ಪಿ ಇಳಿಸದ ಮೂವ್ ಇಷ್ಟು ಮಾಡಿತು.

ಪಿಜಿ ಎಂಬ ಹಕ್ಕಿ ಪೋಕೆಮಾನ್ 5ನೇ ಲೆವೆಲ್‌ಗೇ ಸ್ಯಾಂಡ್ ಅಟ್ಯಾಕ್ ಕಲಿಯುತ್ತದೆ. ಆದರೆ ಹಾರುವ ಪೋಕೆಮಾನ್‌ಗೆ ರೋಲ್‌ಔಟ್ ಡಬಲ್ ಏಟು, ಆದ್ದರಿಂದ ಒಂದೆರಡು ಸಲ ಮಣ್ಣೆರಚಿ ಅದು ಬೀಳುತ್ತದೆ. ಬೀಳಲಿ ಬಿಡಿ, ಮಿಲ್ಟ್ಯಾಂಕ್ ಬದಲಾಗದ ತನಕ ಮಣ್ಣು ಅದರ ಕಣ್ಣಲ್ಲೇ ಇರುತ್ತದೆ. ಸ್ಯಾಂಡ್‌ಶ್ರೂ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಗ್ರೌಂಡ್ ಟೈಪ್, ಅಂದರೆ ನೆಲದ ಗುಂಪಿನದು, ರೋಲ್‌ಔಟ್ ಏಟು ಅರ್ಧ, 11ನೇ ಲೆವೆಲ್‌ನಲ್ಲಿ ಇದೇ ಮೂವ್ ಬರುತ್ತದೆ. ಕೈಯಲ್ಲಿ ಮರೀಪ್ ಇದ್ದರೆ 16ನೇ ಲೆವೆಲ್ ತನಕ ಬೆಳೆಸಿ ಥಂಡರ್ ವೇವ್ ಹಾಕಿ. ಲಕ್ವದಿಂದ ಒಂದು ಟರ್ನ್ ನಿಂತರೂ ರೋಲ್‌ಔಟ್ ಸರಪಳಿ ತುಂಡಾಗುತ್ತದೆ. ಹೊಡೆಯಲು ಹೆಣ್ಣು ಪೋಕೆಮಾನ್ ಬಿಟ್ಟರೆ ಅಟ್ರ್ಯಾಕ್ಟ್ ಕಥೆಯೂ ಮುಗಿಯಿತು.

2009ರ ಹಾರ್ಟ್‌ಗೋಲ್ಡ್ ಮತ್ತು ಸೋಲ್‌ಸಿಲ್ವರ್ ಆಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಮಿಲ್ಟ್ಯಾಂಕ್ ಕೈಯಲ್ಲಿ ಲಮ್ ಬೆರಿ ಇರುತ್ತದೆ. ಮೊದಲ ಲಕ್ವ ತಕ್ಷಣ ವಾಸಿ. ಲಮ್ ಬೆರಿ ಕಣ್ಣಿನ ಮಣ್ಣು ತೊಳೆಯುವುದಿಲ್ಲ, ಹಾಗಾಗಿ ಅಲ್ಲಿ ಸ್ಯಾಂಡ್ ಅಟ್ಯಾಕೇ ಮೇಲು.

ಹೆಜ್ಜೆ 4: ರೋಗ ಆರಿಸುವಾಗ ರೋಗಿಯನ್ನು ನೋಡಿ

ಒಂದು ಪೋಕೆಮಾನ್‌ಗೆ ಒಮ್ಮೆಗೆ ಒಂದೇ ದೊಡ್ಡ ರೋಗ ಅಂಟುತ್ತದೆ. ಆದ್ದರಿಂದ ಯಾವುದು ಎಂದು ಯೋಚಿಸಿ ಹಾಕಬೇಕು. ಈಗಿನ ಆಟಗಳ ಲೆಕ್ಕ ಹೇಳುತ್ತೇನೆ, ಹಳೆಯವುಗಳಲ್ಲಿ ಅಂಕಿ ಸ್ವಲ್ಪ ಬೇರೆ.

ಎದುರಿನವನು ಗ್ಯಾರಡೋಸ್ ಥರ ಮೈಬಲದಿಂದ ಹೊಡೆಯುವವನಾದರೆ ವಿಲ್-ಓ-ವಿಸ್ಪ್. ಸುಟ್ಟ ಗಾಯದಿಂದ ಅವನ ಫಿಸಿಕಲ್ ಏಟು ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಟರ್ನ್ ಎಚ್‌ಪಿಯ 16ರಲ್ಲಿ ಒಂದು ಪಾಲು ಹೋಗುವುದು ಮೇಲಿನ ಲಾಭ. ಸ್ಪೆಷಲ್ ಏಟಿನವನಿಗೆ ಇದೇ ಮೂವ್ ಹಾಕಿದರೆ ಆ ಸಣ್ಣ ಉರಿ ಮಾತ್ರ, ಅವನ ಹೊಡೆತ ಹಾಗೇ ಇರುತ್ತದೆ. ಫೈರ್ ಟೈಪ್‌ಗೆ ಸುಡುವುದೇ ಇಲ್ಲ. ಗಟ್ಸ್ ಎಂಬ ಎಬಿಲಿಟಿ (ಹುಟ್ಟುಗುಣ) ಇರುವವಕ್ಕಂತೂ ಸುಡುವುದು ಬೇಡವೇ ಬೇಡ. ರೋಗ ಬಂದರೆ ಅವುಗಳ ಅಟ್ಯಾಕ್ ಒಂದೂವರೆ ಪಟ್ಟು ಏರುತ್ತದೆ.

ಎದುರಿನವನು ನಿಮಗಿಂತ ಚುರುಕಾಗಿದ್ದರೆ ಥಂಡರ್ ವೇವ್. ಸ್ಪೀಡ್ ಅರ್ಧ ಆಗುತ್ತದೆ, ನಾಲ್ಕರಲ್ಲಿ ಒಂದು ಸಲ ಕೈಕಾಲೇ ಆಡುವುದಿಲ್ಲ. ಜನ ಆ ನಾಲ್ಕರಲ್ಲಿ ಒಂದಕ್ಕೆ ಆಸೆಪಡುತ್ತಾರೆ. ನನ್ನ ಪ್ರಕಾರ ಸ್ಪೀಡ್ ಇಳಿಯುವುದೇ ದೊಡ್ಡದು, ಏಕೆಂದರೆ ಅದು ಅದೃಷ್ಟದ ಮಾತಲ್ಲ. ಗ್ರೌಂಡ್ ಟೈಪ್‌ಗೆ ಥಂಡರ್ ವೇವ್ ತಾಗುವುದಿಲ್ಲ. ಎಲೆಕ್ಟ್ರಿಕ್ ಟೈಪ್‌ಗೆ ಎಕ್ಸ್ ಮತ್ತು ವೈ ಆಟಗಳಿಂದ ಈಚೆಗೆ ಲಕ್ವವೇ ಹೊಡೆಯುವುದಿಲ್ಲ.

ನಿದ್ದೆ ಎಲ್ಲಕ್ಕಿಂತ ಜಬರ್ದಸ್ತ್, ಆದರೆ ಒಂದರಿಂದ ಮೂರು ಟರ್ನ್ ಅಷ್ಟೇ. ಸ್ಲೀಪ್ ಪೌಡರ್ ನೂರಕ್ಕೆ 75 ಸಲ ತಾಗುತ್ತದೆ, ಸ್ಪೋರ್ ನೂರಕ್ಕೆ ನೂರು. ನಿದ್ದೆ ಬರಿಸಿ ಹೊಡೆಯಲು ಓಡಬೇಡಿ. ಅವನು ಮಲಗಿರುವಾಗ ನೀವು ಸ್ವೋರ್ಡ್ಸ್ ಡ್ಯಾನ್ಸ್ ಮಾಡಿಕೊಳ್ಳಿ, ಲೀಚ್ ಸೀಡ್ ಬಿತ್ತಿ, ಎಚ್‌ಪಿ ತುಂಬಿಸಿಕೊಳ್ಳಿ. ಫೈರ್‌ರೆಡ್‌ನ ಬಲ್ಬಸಾರ್ ಇದಕ್ಕೆ ಒಳ್ಳೆಯ ಮೇಷ್ಟ್ರು. 7ನೇ ಲೆವೆಲ್‌ನಲ್ಲಿ ಲೀಚ್ ಸೀಡ್, 15ರಲ್ಲಿ ಸ್ಲೀಪ್ ಪೌಡರ್. ಲೀಚ್ ಸೀಡ್ ಪ್ರತಿ ಟರ್ನ್ ಎದುರಿನವನ ಎಚ್‌ಪಿಯ ಎಂಟನೇ ಒಂದು ಪಾಲು ಹೀರಿ ನಿಮಗೆ ಕೊಡುತ್ತದೆ. ಗ್ರಾಸ್ ಟೈಪ್ ಮೇಲೆ ಅದು ನಡೆಯುವುದಿಲ್ಲ. ಎಕ್ಸ್ ಮತ್ತು ವೈ ಆಟಗಳಿಂದ ಪೌಡರ್‌ಗಳೂ ಅವಕ್ಕೆ ತಾಗುವುದಿಲ್ಲ.

ವಿಷದ ವಿಚಾರದಲ್ಲಿ ಒಂದು ಮೋಜಿನ ಲೆಕ್ಕ. ಸಾದಾ ವಿಷ ಪ್ರತಿ ಟರ್ನ್ ಎಂಟನೇ ಒಂದು ಪಾಲು ತಿನ್ನುತ್ತದೆ. ಟಾಕ್ಸಿಕ್ ಮೊದಲು 16ರಲ್ಲಿ ಒಂದು, ಆಮೇಲೆ ಎರಡು, ಮೂರು, ಹೀಗೆ ಏರುತ್ತದೆ. ಮೂರು ಟರ್ನ್ ಮುಗಿದಾಗ ಎರಡರ ಮೊತ್ತವೂ ಸಮ. ನಾಲ್ಕನೆಯದರಿಂದ ಟಾಕ್ಸಿಕ್ ಮುಂದೆ ಹೋಗಿ ಆರನೇ ಟರ್ನ್‌ಗೆ ಪೂರ್ತಿ ಎಚ್‌ಪಿ ಇದ್ದವನನ್ನೂ ಮುಗಿಸುತ್ತದೆ. ಗಟ್ಟಿ ದೇಹ, ಮತ್ತೆ ಮತ್ತೆ ಎಚ್‌ಪಿ ತುಂಬಿಸಿಕೊಳ್ಳುವ ಚಾಳಿ, ಇಂಥವರಿಗೆ ಟಾಕ್ಸಿಕ್. ಅವನು ಬದಲಾಗಿ ಮತ್ತೆ ಬಂದರೆ ಲೆಕ್ಕ ಒಂದರಿಂದ ಶುರು. ಪಾಯಿಸನ್ ಮತ್ತು ಸ್ಟೀಲ್ ಟೈಪ್‌ಗೆ ವಿಷ ಏರುವುದಿಲ್ಲ. ಹಿಂದೆ ಬಹುತೇಕ ಎಲ್ಲ ಪೋಕೆಮಾನ್‌ಗೂ ಟಾಕ್ಸಿಕ್ ಕಲಿಸಬಹುದಿತ್ತು, 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಿಂದ ಆ ಪಟ್ಟಿ ತುಂಬ ಸಣ್ಣದಾಗಿದೆ.

ಹೆಜ್ಜೆ 5: ಹಿಡಿಯುವಾಗ ಬಳಸಿ

ಹೊಡೆಯುವ ಮೂವ್‌ಗಳೇ ಇರುವವನು ಕಾಡಿನ ಪೋಕೆಮಾನ್ ಹಿಡಿಯಲು ಹೋದರೆ ಒಂದೋ ಕೊಂದುಹಾಕುತ್ತಾನೆ, ಇಲ್ಲವೇ ಚೀಲದ ಬಾಲ್ ಎಲ್ಲ ಖಾಲಿ ಮಾಡುತ್ತಾನೆ. ಬ್ಲ್ಯಾಕ್ ಮತ್ತು ವೈಟ್ ಆಟಗಳಿಂದ ಈಚೆಗೆ, ಮಲಗಿದ ಪೋಕೆಮಾನ್ ಹಿಡಿಯುವ ಸಾಧ್ಯತೆಗೆ ಎರಡೂವರೆ ಪಟ್ಟಿನ ಗುಣಾಕಾರ ಸಿಗುತ್ತದೆ. ಲಕ್ವ, ವಿಷ, ಸುಟ್ಟ ಗಾಯಕ್ಕೆ ಒಂದೂವರೆ ಪಟ್ಟು. ವಿಷ ಮತ್ತು ಗಾಯ ಬೇಡ, ಬಾಲ್ ಎಸೆಯುತ್ತಾ ಇರುವಾಗಲೇ ಅದು ಸತ್ತುಹೋಗುತ್ತದೆ. ಸುಲಭದ ಪೋಕೆಮಾನ್‌ಗೆ ನಿದ್ದೆ. ಇಪ್ಪತ್ತು ಮೂವತ್ತು ಬಾಲ್ ಬೇಡುವ ಲೆಜೆಂಡರಿಗೆ (ಅಪರೂಪದ ಬಲಶಾಲಿ ಪೋಕೆಮಾನ್‌ಗೆ) ನಾನು ಲಕ್ವವನ್ನೇ ಆರಿಸುತ್ತೇನೆ. ಅದು ತಾನಾಗಿ ಹೋಗುವುದಿಲ್ಲ, ಪದೇ ಪದೇ ಮಲಗಿಸುವ ಕೆಲಸ ತಪ್ಪುತ್ತದೆ. ಎಚ್‌ಪಿ ಒಂದಕ್ಕೆ ತಂದು ನಿಲ್ಲಿಸಲು ಫಾಲ್ಸ್ ಸ್ವೈಪ್ ಜೊತೆಗಿರಲಿ, ಗೋಸ್ಟ್ ಟೈಪ್‌ಗೆ ಅದು ತಾಗುವುದಿಲ್ಲ ಎಂಬುದು ನೆನಪಿರಲಿ.

ಹೆಜ್ಜೆ 6: ಮನುಷ್ಯರ ಎದುರು ಆಡುವಾಗ

ಇಲ್ಲಿಂದ ಆಟ ಬೇರೆ. ಕಂಪ್ಯೂಟರ್ ಟ್ರೇನರ್ ಅಪರೂಪಕ್ಕೆ ಪೋಕೆಮಾನ್ ಬದಲಿಸುತ್ತಾನೆ. ಮನುಷ್ಯ ಹಾಗಲ್ಲ, ಸ್ವಲ್ಪ ಅಪಾಯ ಕಂಡರೂ ಒಳಗೆ ಕರೆದುಕೊಳ್ಳುತ್ತಾನೆ. ನಿಮ್ಮ ಪಿಕಾಚು ಎದುರು ಗ್ಯಾರಡೋಸ್ ನಿಂತಿದ್ದರೆ ಅವನು ಬದಲಿಸುವುದು ಹೆಚ್ಚುಕಡಿಮೆ ಖಚಿತ. ಅವನು ಬದಲಿಸುವ ಆ ಟರ್ನ್ ನಿಮಗೆ ಪುಕ್ಕಟೆ. ಬಲ ಏರಿಸುವ ಮೂವ್ ಹಾಕಲು ಸರಿಯಾದ ಹೊತ್ತು ಅದೇ. ಎದುರಿನವನ ಏಟು ನಿಮಗೆ ನಾಟದಿರುವಾಗ, ಅವನು ಮಲಗಿರುವಾಗ, ಚಾಯ್ಸ್ ಬ್ಯಾಂಡ್ ಥರದ ವಸ್ತು ಹಿಡಿದು ಒಂದೇ ಮೂವ್‌ಗೆ ಕಟ್ಟಿಬಿದ್ದಿರುವಾಗಲೂ ಹೀಗೇ.

ಬದಲಾಯಿಸುವವರಿಗೆ ತೆರಿಗೆ ಹಾಕುವ ಮೂವ್‌ಗಳೂ ಇವೆ. ಸ್ಟೆಲ್ತ್ ರಾಕ್ ಬಂದದ್ದು ಡೈಮಂಡ್ ಮತ್ತು ಪರ್ಲ್‌ನಲ್ಲಿ. ಒಮ್ಮೆ ಹಾಕಿದರೆ ಎದುರಿನ ಪ್ರತಿ ಪೋಕೆಮಾನ್ ಮೈದಾನಕ್ಕೆ ಕಾಲಿಟ್ಟಾಗಲೂ ಎಚ್‌ಪಿಯ ನೂರಕ್ಕೆ 12.5 ಪಾಲು ಕೀಳುತ್ತದೆ. ಅದು ರಾಕ್ ಟೈಪ್‌ನ ಲೆಕ್ಕದಂತೆ ಏರಿಳಿಯುತ್ತದೆ. ಚಾರಿಜಾರ್ಡ್‌ಗೆ ರಾಕ್ ನಾಲ್ಕು ಪಟ್ಟು ಏಟು, ಆದ್ದರಿಂದ ಬಂದ ತಕ್ಷಣ ಅರ್ಧ ಎಚ್‌ಪಿ ಖಲಾಸ್. ಸ್ಪೈಕ್ಸ್ ಅನ್ನು ಮೂರು ಪದರ ಹಾಸಬಹುದು: ಎಂಟನೇ ಒಂದು, ಆರನೇ ಒಂದು, ಕೊನೆಗೆ ಕಾಲು ಪಾಲು. ಹಾರುವವಕ್ಕೆ ಮುಳ್ಳು ಚುಚ್ಚುವುದಿಲ್ಲ. ರ‍್ಯಾಪಿಡ್ ಸ್ಪಿನ್, ಡಿಫಾಗ್ ಇದ್ದವನು ಇವನ್ನೆಲ್ಲ ಗುಡಿಸಿಹಾಕುತ್ತಾನೆ. ಹೆವಿ ಡ್ಯೂಟಿ ಬೂಟ್ಸ್ ತೊಟ್ಟವನಿಗೆ ಲೆಕ್ಕವೇ ಇಲ್ಲ. ಕಥೆಯ ಆಟದಲ್ಲಿ ಸಣ್ಣಪುಟ್ಟ ಟ್ರೇನರ್ ಮುಂದೆ ಇದು ವೇಸ್ಟ್. ಆರು ಪೋಕೆಮಾನ್ ಇಟ್ಟುಕೊಂಡ ಚಾಂಪಿಯನ್ ಎದುರಾದರೆ ಒಂದು ಟರ್ನ್ ಹಾಕಿ, ಒಂದೊಂದೇ ಬೀಳುತ್ತಾ ಮುಂದಿನವು ಬರುವಾಗ ಐದಕ್ಕೂ ತಾಗುತ್ತದೆ.

ಪ್ರೊಟೆಕ್ಟ್ ಬಗ್ಗೆ ಮಕ್ಕಳಿಗೆ ಎಷ್ಟು ಹೇಳಿದರೂ ಸಾಲದು. ಒಂದು ಟರ್ನ್ ಏನೂ ತಾಗದಂತೆ ಕೂತರೆ ಏನು ಬಂತು ಎನ್ನುತ್ತಾರೆ. ನೀವು ಕೂತಿದ್ದರೂ ವಿಷ ಏರುತ್ತದೆ, ಲೀಚ್ ಸೀಡ್ ಹೀರುತ್ತದೆ, ಎದುರಿನವನ ಮಳೆ, ಬಿಸಿಲು, ರಿಫ್ಲೆಕ್ಟ್ ಥರದ ಐದು ಟರ್ನ್‌ನ ಸೌಕರ್ಯ ಒಂದು ಟರ್ನ್ ಕಡಿಮೆಯಾಗುತ್ತದೆ. ಅವನ ಕೈಯಲ್ಲಿ ಯಾವ ಮೂವ್ ಇದೆ ಎಂಬುದೂ ಪುಕ್ಕಟೆಯಾಗಿ ತಿಳಿಯುತ್ತದೆ. ಸತತವಾಗಿ ಎರಡನೇ ಸಲ ಹಾಕಿದರೆ ಫಲಿಸುವುದು ಮೂರರಲ್ಲಿ ಒಂದು ಸಲ ಮಾತ್ರ. ಒಂದು ಬಿಟ್ಟು ಒಂದು ಹಾಕಿ. ಸಬ್‌ಸ್ಟಿಟ್ಯೂಟ್ ಇದರ ದುಬಾರಿ ಅಣ್ಣ. ಕಾಲು ಎಚ್‌ಪಿ ಕೊಟ್ಟು ಒಂದು ಗೊಂಬೆ ನಿಲ್ಲಿಸುತ್ತೀರಿ, ಗೊಂಬೆ ಇರುವ ತನಕ ಬಹುತೇಕ ರೋಗ ನಿಮಗೆ ಅಂಟುವುದಿಲ್ಲ.

ಎರಡೂ ಕಡೆ ಒಮ್ಮೆಗೆ ಎರಡೆರಡು ಪೋಕೆಮಾನ್ ಇಳಿಯುವ ಡಬಲ್ಸ್‌ನಲ್ಲಿ ಇವುಗಳ ಬೆಲೆ ಇನ್ನೂ ಜಾಸ್ತಿ. ಅಧಿಕೃತ ಚಾಂಪಿಯನ್‌ಶಿಪ್ ಆಡಿಸುವುದೂ ಡಬಲ್ಸ್‌ನಲ್ಲೇ, ಆರು ತಂದು ನಾಲ್ಕು ಆಡಿಸುವ ಪದ್ಧತಿ. ಟೇಲ್‌ವಿಂಡ್ ನಾಲ್ಕು ಟರ್ನ್ ನಿಮ್ಮ ಕಡೆಯವರೆಲ್ಲರ ಸ್ಪೀಡ್ ಎರಡು ಪಟ್ಟು ಮಾಡುತ್ತದೆ. ಟ್ರಿಕ್ ರೂಮ್ ಐದು ಟರ್ನ್ ನಿಧಾನದವರನ್ನೇ ಮೊದಲು ಆಡಿಸುತ್ತದೆ. ಫಾಲೋ ಮೀ ಹಾಕಿದವನು ಒಬ್ಬರಿಗೇ ಗುರಿಯಿಟ್ಟ ಎದುರಿನ ಏಟುಗಳನ್ನು ತನ್ನ ಕಡೆ ಎಳೆದುಕೊಂಡು ಜೊತೆಗಾರನಿಗೆ ಒಂದು ನಿಶ್ಚಿಂತೆಯ ಟರ್ನ್ ಕೊಡುತ್ತಾನೆ. ಇದರ ಬಗ್ಗೆ ಬರೆದರೆ ಬೇರೆಯೇ ಲೇಖನ ಆಗುತ್ತದೆ.

ಹೆಜ್ಜೆ 7: ನಿಮ್ಮ ಮೇಲೆ ಹಾಕಿದರೆ?

ಮೊದಲ ಮದ್ದು ಟಾಂಟ್. ಅದು ತಾಗಿದವನು ಮೂರು ಟರ್ನ್ ಸ್ಟೇಟಸ್ ಮೂವ್ ಹಾಕುವಂತಿಲ್ಲ. ಅದಕ್ಕೇ ನಾಲ್ಕೂ ಸ್ಟೇಟಸ್ ಮೂವ್ ತುಂಬಿಕೊಳ್ಳುವ ಅತಿ ಬುದ್ಧಿವಂತಿಕೆ ಬೇಡ. ಟಾಂಟ್ ಬಿದ್ದರೆ ಉಳಿಯುವುದು ಸ್ಟ್ರಗಲ್ ಮಾತ್ರ, ಅದರಲ್ಲಿ ನಿಮಗೇ ಪೆಟ್ಟು. ಎದುರಿನವನು ಬಲ ಏರಿಸಿಕೊಂಡು ಕೂತಿದ್ದರೆ ರೋರ್ ಅಥವಾ ವರ್ಲ್‌ವಿಂಡ್‌ನಿಂದ ಹೊರಗೆ ಅಟ್ಟಿ, ಇಲ್ಲವೇ ಹೇಜ್ ಹಾಕಿ ಎಲ್ಲರ ಮೆಟ್ಟಿಲು ಸೊನ್ನೆಗೆ ತನ್ನಿ. ಕೆಲವು ಪೋಕೆಮಾನ್ ಎಬಿಲಿಟಿಯೇ ಗುರಾಣಿ. ಮ್ಯಾಜಿಕ್ ಬೌನ್ಸ್ ಇರುವ ಹ್ಯಾಟರೀನ್‌ಗೆ ನೀವು ಹಾಕಿದ ರೋಗ ನಿಮಗೇ ವಾಪಸ್. ಸ್ಕಾರ್ಲೆಟ್ ಮತ್ತು ವಯೊಲೆಟ್‌ನ ಗೋಲ್ಡೆಂಗೋಗೆ ಬೇರೆಯವರ ಸ್ಟೇಟಸ್ ಮೂವ್ ತಾಗುವುದೇ ಇಲ್ಲ. ಪ್ರಾಂಕ್‌ಸ್ಟರ್ ಎಬಿಲಿಟಿ ಇರುವವು ಸ್ಟೇಟಸ್ ಮೂವ್‌ಗಳನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಹಾಕಿಬಿಡುತ್ತವೆ, ಅವಕ್ಕೆ ಡಾರ್ಕ್ ಟೈಪ್ ಎದುರು ನಿಲ್ಲಿಸಿ. ಸನ್ ಮತ್ತು ಮೂನ್ ಆಟಗಳಿಂದ ಈಚೆಗೆ ಆ ಚೇಷ್ಟೆ ಡಾರ್ಕ್ ಟೈಪ್ ಮೇಲೆ ನಡೆಯುವುದಿಲ್ಲ.

ಪೋಕೆಮಾನ್ ಬಿಟ್ಟು ಬೇರೆ ಆಟಕ್ಕೆ ಹೋದರೂ ಈ ಅಭ್ಯಾಸ ಕೈಹಿಡಿಯುತ್ತದೆ. ಶಿನ್ ಮೆಗಾಮಿ ಟೆನ್ಸೇ ಸರಣಿಯ ಮೂರನೇ ಆಟದಲ್ಲಿ ಮ್ಯಾಟಡಾರ್ ಎಂಬ ಬಾಸ್ ಇದ್ದಾನೆ. ರೆಡ್ ಕೇಪೋಟ್ ಬೀಸಿ ತಪ್ಪಿಸಿಕೊಳ್ಳುವ ಚುರುಕು ಏರಿಸಿಕೊಳ್ಳುತ್ತಾನೆ. ಆ ಆಟದಲ್ಲಿ ನಿಮ್ಮ ಏಟು ಗುರಿ ತಪ್ಪಿದರೆ ನಿಮ್ಮ ಪಾಲಿನ ಟರ್ನ್ ಕೂಡ ಹೆಚ್ಚಿಗೆ ಕಳೆಯುತ್ತದೆ. ಬರೀ ಹೊಡೆಯುವವರು ಅವನ ಮುಂದೆ ಪದೇ ಪದೇ ಸೋಲುತ್ತಾರೆ. ಡೆಕಾಜಾ ಹಾಕಿ ಅವನ ಏರಿಕೆ ಅಳಿಸಿದವನು, ಸುಕುಕಾಜಾದಿಂದ ತನ್ನವರ ಗುರಿ ಏರಿಸಿಕೊಂಡವನು ದಾಟಿಹೋಗುತ್ತಾನೆ.

ಹೆಜ್ಜೆ 8: ಟೀಮ್‌ಗೆ ಸೇರಿಸಿ, ಆಡಿ ನೋಡಿ

ಕಥೆಯ ಆಟಕ್ಕೆ ನನ್ನ ಸಲಹೆ ಇಷ್ಟೇ. ಮುಖ್ಯವಾಗಿ ಹೊಡೆಯುವ ಪೋಕೆಮಾನ್‌ಗೆ ಮೂರು ಏಟು, ಒಂದು ಬಲ ಏರಿಸುವ ಮೂವ್. ಫಿಸಿಕಲ್ ಆದರೆ ಸ್ವೋರ್ಡ್ಸ್ ಡ್ಯಾನ್ಸ್ ಅಥವಾ ಡ್ರಾಗನ್ ಡ್ಯಾನ್ಸ್, ಸ್ಪೆಷಲ್ ಆದರೆ ನ್ಯಾಸ್ಟಿ ಪ್ಲಾಟ್ ಅಥವಾ ಕಾಮ್ ಮೈಂಡ್. ಟೀಮ್‌ನಲ್ಲಿ ಒಬ್ಬ ರೋಗ ಅಂಟಿಸುವವನು ಇರಲಿ, ಹಿಡಿಯಲೂ ಅವನೇ ಆಗುತ್ತಾನೆ. ಉಳಿದ ನಾಲ್ವರು ಹೇಗಾದರೂ ಇರಲಿ. ಅಸಾಲ್ಟ್ ವೆಸ್ಟ್ ಎಂಬ ವಸ್ತು ತೊಡಿಸಿದವನಿಗೆ ಸ್ಟೇಟಸ್ ಮೂವ್ ಕಲಿಸಬೇಡಿ, ಅದನ್ನು ತೊಟ್ಟವನಿಗೆ ಅಂಥ ಮೂವ್ ಆಡಲಾಗುವುದಿಲ್ಲ. ಮೂವ್ ಮರೆಸಲು ಹೆದರುವವರಿಗೆ ಒಂದು ಸಮಾಧಾನ: ಸ್ಕಾರ್ಲೆಟ್ ಮತ್ತು ವಯೊಲೆಟ್‌ನಲ್ಲಿ ಲೆವೆಲ್‌ನಿಂದ ಕಲಿತ ಹಳೆಯ ಮೂವ್ ಅನ್ನು ವಿವರದ ಪುಟದಲ್ಲೇ ಪುಕ್ಕಟೆಯಾಗಿ ಮತ್ತೆ ನೆನಪಿಸಬಹುದು.

ಕನ್ಸೋಲ್ ಇಲ್ಲದ ಮಕ್ಕಳಿಗೆ ಪೋಕೆಮಾನ್ ಶೋಡೌನ್ ಇದೆ. ಫೋನ್‌ನ ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಬೇಡ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ದೊಡ್ಡವರು ನಾಟಕ ನೋಡುತ್ತಾ ಕೂತರೆ, ಬೇಜಾರಾದ ಮಕ್ಕಳು ಹೊರಗೆ ಇದನ್ನೇ ಆಡುತ್ತಾ ನಿಲ್ಲಬಹುದು. ಶುರುವಿಗೆ ರ‍್ಯಾಂಡಮ್ ಬ್ಯಾಟಲ್ ಆರಿಸಿ. ಟೀಮ್ ಅದೇ ಕೊಡುತ್ತದೆ, ಅದರಲ್ಲಿ ಸ್ಟೇಟಸ್ ಮೂವ್‌ಗಳೂ ಇರುತ್ತವೆ. ಪ್ರತಿ ಸಲ ಅಂಥ ಮೂವ್ ಒತ್ತುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಟರ್ನ್‌ನಲ್ಲಿ ನಾನು ಹೊಡೆದಿದ್ದರೆ ಎಷ್ಟು ಸಿಗುತ್ತಿತ್ತು, ಈಗ ಎಷ್ಟು ಸಿಗುತ್ತದೆ? ಅಲ್ಲಿನ ನಿಯಮಗಳನ್ನೂ ಓದಿಕೊಳ್ಳಿ. ಹಲವು ಪದ್ಧತಿಗಳಲ್ಲಿ ಎದುರಿನವನ ಒಂದಕ್ಕಿಂತ ಹೆಚ್ಚು ಪೋಕೆಮಾನ್‌ಗಳನ್ನು ಒಟ್ಟಿಗೆ ಮಲಗಿಸುವಂತಿಲ್ಲ. ಡಬಲ್ ಟೀಮ್ ಥರ ಗುರಿ ತಪ್ಪಿಸುವ ಮೂವ್‌ಗಳಿಗೂ ತಡೆ ಇರುತ್ತದೆ.

ಲೋಕಲ್‌ನಲ್ಲಿ ಆಡುವವರಿಗೆ ಒಂದು ಮಾತು. ಟಾಕ್ಸಿಕ್, ಪ್ರೊಟೆಕ್ಟ್, ರಿಕವರ್ ತುಂಬಿದ ಟೀಮ್‌ನ ಆಟ ಬಹಳ ಹೊತ್ತು ಎಳೆಯುತ್ತದೆ. ನಡುವೆ ನೆಟ್ ಹೋದರೆ ಟೈಮರ್ ನಿಮಗಾಗಿ ಕಾಯುವುದಿಲ್ಲ, ಗೆಲ್ಲುವ ಆಟವೂ ಕೈಬಿಡುತ್ತದೆ. ಅಂಥ ಟೀಮ್ ಮನೆಯ ವೈಫೈಗೆ ಇಟ್ಟುಕೊಳ್ಳಿ. ಗಾಡಿಯಲ್ಲಿ ಒಮ್ಮೆ ಡ್ರಾಗನ್ ಡ್ಯಾನ್ಸ್ ಹಾಕಿ ಬಡಬಡ ಮುಗಿಸುವ ಟೀಮ್ ಸಾಕು.